ಖಾಲಿ ಬಟ್ಟಲಿನಲ್ಲಿ ಐವತ್ತನಾಲ್ಕು

ವಂದನಾ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಆಕಾಶದಿಂದ ಬಿದ್ದ ಕಲ್ಲಿಗಿಂತ ಖಾಲಿ ಬಟ್ಟಲಿಗೆ ಮರ್ಯಾದೆ ಹೆಚ್ಚು. ಹೆಬ್ಬೆರಳ ಗಾತ್ರದ ಬಿಳಿ ಬಟ್ಟಲು. ಅದಕ್ಕೆ ಏನನ್ನೂ ಹಾಕದೆ, ಕಲ್ಲು ಹಾಕಿದ್ದರೆ ಏನೇನು ಮಾಡುತ್ತಿದ್ದರೋ ಅಷ್ಟನ್ನೂ ಮಾಡಬೇಕು. ಆಮ್ಲ ಹೊಯ್ಯಬೇಕು, ಕಾಯಿಸಬೇಕು, ಸೋಸಬೇಕು, ಕೊನೆಗೆ ಉಳಿದ ತೊಟ್ಟನ್ನು ಯಂತ್ರಕ್ಕೆ ಉಣಿಸಬೇಕು. ಆಗ ಸಿಗುವ ಒಂದಿಷ್ಟು ಲೋಹ ಕಲ್ಲಿನದಲ್ಲ, ಪ್ರಯೋಗಾಲಯದ ಕೊಳೆ. ಆ ಕೊಳೆ ಎಷ್ಟು, ಎಂಥದು ಎಂದು ತಿಳಿಯದೆ ನಿಜವಾದ ಕಲ್ಲಿಗೆ ಕೈ ಹಚ್ಚುವಂತಿಲ್ಲ. ಇದಕ್ಕೆ ಅಲ್ಲಿಯವರು ಬ್ಲ್ಯಾಂಕ್ ಎನ್ನುತ್ತಾರೆ. ಒಳಗೆ ಹೋಗುವಾಗ ಬಳೆ ತೆಗೆಯಬೇಕು, ತಾಳಿ ತೆಗೆಯಬೇಕು, ಹಣೆಯ ಕುಂಕುಮ ಒರೆಸಬೇಕು, ಮೈತುಂಬ ಬಿಳಿ ನಿಲುವಂಗಿ ತೊಡಬೇಕು, ಯಾರನ್ನೂ ಮುಟ್ಟಬಾರದು. ಮನೆಯಲ್ಲಿ ಅಜ್ಜಿಯ ಮಡಿ ತಾಳಲಾರದೆ ವಿಜ್ಞಾನ ಓದಿದವಳು ಅದರ ಅಪ್ಪನಂಥ ಮಡಿಯೊಳಗೆ ಬಂದು ಬಿದ್ದಿದ್ದಳು.

ಗಿಂಡಿ ಬಡಾವಣೆಯ ಕಡೆಯ ಆ ಸಂಸ್ಥೆಗೆ ವಿದೇಶದ ವಸ್ತುಸಂಗ್ರಹಾಲಯವೊಂದು ಅಪರೂಪದ ಉಲ್ಕೆಯೊಂದರ ಮುನ್ನೂರು ಮಿಲಿಗ್ರಾಂ ಚೂರನ್ನು ಕಳಿಸಿತ್ತು. ಮೂರು ತೊಗರಿಕಾಳಿನಷ್ಟು. ಅದಕ್ಕಾಗಿ ವಂದನಾ ಮೂರು ವರ್ಷ ಪತ್ರ ಬರೆದಿದ್ದಳು. ಕರಗಿಸಿದರೆ ಮುಗಿಯಿತು, ಎರಡನೆಯ ಅವಕಾಶ ಇಲ್ಲ. ಸಂಕ್ರಾಂತಿಯೊಳಗೆ ಬ್ಲ್ಯಾಂಕ್ ಶುದ್ಧವಾದರೆ ಕಲ್ಲು ಅವಳದು, ಇಲ್ಲವಾದರೆ ಸೀಲು ಒಡೆಯದ ಶೀಶೆ ಹಾಗೆಯೇ ಜರ್ಮನಿಯ ತಂಡಕ್ಕೆ ಹೋಗುತ್ತದೆ. ಮೂವತ್ತೆಂಟರ ವಯಸ್ಸಿನಲ್ಲಿ ತನ್ನದೆಂದು ಹೇಳಿಕೊಳ್ಳುವ ಒಂದು ಕೆಲಸವಾದರೂ ಇರಲಿ ಎಂದು ಅವಳು ಹಟ ಹಿಡಿದಿದ್ದಳು.

ಆ ಕಲ್ಲಿನಲ್ಲಿ ಹುಡುಕಬೇಕಾಗಿದ್ದದ್ದು ಕ್ರೋಮಿಯಂ, ನಮ್ಮ ಸ್ಟೀಲ್ ಪಾತ್ರೆಗಳಿಗೆ ತುಕ್ಕು ಹಿಡಿಯದಂತೆ ಕಾಯುವ ಲೋಹ. ಅದರ ಪರಮಾಣುಗಳು ನಾಲ್ಕು ತೂಕದವು: ಐವತ್ತು, ಐವತ್ತೆರಡು, ಐವತ್ತಮೂರು, ಐವತ್ತನಾಲ್ಕು. ಪುರಸೈವಾಕ್ಕಂನ ಪಾತ್ರೆ ಅಂಗಡಿಯ ಚೊಂಬು ಕರಗಿಸಿ ನೋಡಿ, ಎಣ್ಣೂರಿನ ಕಲ್ಲಿದ್ದಲ ಬೂದಿ ತಂದು ನೋಡಿ, ಹಿಮಾಲಯದ ಬಂಡೆ ಕುಟ್ಟಿ ನೋಡಿ, ನಾಲ್ಕರ ಪ್ರಮಾಣ ಒಂದೇ. ಭೂಮಿ ಅಷ್ಟು ಚೆನ್ನಾಗಿ ಕಲಸಿಹೋಗಿದೆ. ಆದರೆ ಸೂರ್ಯ ಹುಟ್ಟಿದ ಕಾಲದಿಂದ ಕರಗದೆ ಬೇಯದೆ ಉಳಿದ ಕೆಲವು ಆದಿಕಾಲದ ಉಲ್ಕೆಗಳಲ್ಲಿ ಐವತ್ತನಾಲ್ಕು ಕೂದಲೆಳೆಯಷ್ಟು ಜಾಸ್ತಿ. ಸೂರ್ಯನಿಗೂ ಮುಂಚೆ ಯಾವುದೋ ನಕ್ಷತ್ರ ಸಿಡಿದು ಸತ್ತಿತ್ತು. ಅದರ ಬೂದಿ, ಸರಿಯಾಗಿ ಕಲಸದ ಬಜ್ಜಿ ಹಿಟ್ಟಿನ ಗಂಟಿನ ಹಾಗೆ, ಈ ಕಲ್ಲುಗಳಲ್ಲಿ ಉಳಿದುಕೊಂಡಿದೆ. ಹತ್ತು ಸಾವಿರದಲ್ಲಿ ಒಂದು ಪಾಲು ಹೆಚ್ಚಿದ್ದರೂ ಸಾಕು, ಪ್ರಪಂಚವೆಲ್ಲ ಓದುವ ಲೇಖನ ಬರೆಯಬಹುದು.

ಸೆಪ್ಟೆಂಬರಿನಲ್ಲಿ ನಲವತ್ತು ಖಾಲಿ ಬಟ್ಟಲುಗಳ ಕೊಳೆಯನ್ನು ಒಟ್ಟುಮಾಡಿ ಯಂತ್ರಕ್ಕೆ ಬಿಟ್ಟರು. ಐವತ್ತನಾಲ್ಕು ಇರಬೇಕಾದದ್ದರ ಮೂರರಷ್ಟಿತ್ತು.

ವಿಭಾಗದ ಮುಖ್ಯಸ್ಥ ಮಧುಸೂದನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಕಲ್ಲಿನ ಪುಡಿ ಎಲ್ಲೋ ಹಾರಿರಬೇಕು ವಂದನಾ."

"ಶೀಶೆ ಸೀಲೇ ಒಡೆದಿಲ್ಲ ಸರ್. ಅದೂ ಅಲ್ಲದೆ ಯಾವ ಕಲ್ಲಲ್ಲೂ ಇಷ್ಟಿರಲ್ಲ. ಕಲ್ಲಲ್ಲಿರೋದು ಹಿಟ್ಟೊಳಗಿನ ಗಂಟು. ಇದು ಬರೀ ಗಂಟು."

"ಬರೀ ಗಂಟು ಎಲ್ಲಿಂದ ಬರತ್ತೆ?"

ಆಮ್ಲ ಬದಲಾಯಿಸಿದರು, ಕೈಗವಸು ಬದಲಾಯಿಸಿದರು, ಗಾಳಿ ಸೋಸುವ ಪೆಟ್ಟಿಗೆ ಬಿಚ್ಚಿ ತೊಳೆದರು. ಮತ್ತೆ ಅಳೆದರೆ ಮೂರೂಕಾಲು. ಅಕ್ಟೋಬರ್ ಕಳೆಯುವ ಹೊತ್ತಿಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಲಪಕ್ಕೆಯಲ್ಲಿ ಆಗಾಗ ಒಂದು ನೋವು ಬೇರೆ ಬಂದು ಬೆನ್ನಿಗೆ ಹತ್ತುತ್ತಿತ್ತು. ಆತಂಕದಿಂದ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದಳು.

ಗುಟ್ಟು ಕಂಡುಹಿಡಿದವನು ದಿನೇಶ್. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದ ತಂತ್ರಜ್ಞ, ಪೆರಂಬೂರು ರೈಲ್ವೆ ಕಾಲೋನಿಯಲ್ಲಿ ಬೆಳೆದ, ತಮಿಳು ಬೆರೆತ ಕನ್ನಡದವನು. ಒಂದು ಸಂಜೆ ರಿಜಿಸ್ಟರು ಹಿಡಿದುಕೊಂಡು ಬಂದು, ಬಾಗಿಲಲ್ಲೇ ನಿಂತು, ಚಪ್ಪಲಿ ನೋಡಿಕೊಂಡು ಮಾತಾಡಿದ.

"ತಪ್ಪು ತಿಳ್ಕೋಬಾರದು ಮೇಡಂ. ನೀವು ಲೀವ್ ಹಾಕಿದ ದಿನದ ಬ್ಲ್ಯಾಂಕೆಲ್ಲ ಬೇರೆಯಾಗಿ ಎತ್ತಿಟ್ಟು ಓಡಿಸ್ದೆ. ಅದೆಲ್ಲ ಕ್ಲೀನು. ನೀವು ಒಳಗಡೆ ಇದ್ರೆ ಮಟ್ಟುಂ, ಆವಾಗ ಮಾತ್ರ ಬರ್ತಾ ಇದೆ."

ವಂದನಾಳಿಗೆ ಮೊದಲು ಸಿಟ್ಟು ಬಂತು. ನಾನೇನು ಕೊಳಕಿಯೇ ಎನ್ನುವಂತೆ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮನೆಗೆ ಹೋಗಿ ಬಾಚಣಿಗೆಗಳಿಂದ ಎಲ್ಲರ ಕೂದಲನ್ನೂ ಆರಿಸಿ, ಬೇರೆ ಬೇರೆ ಪೊಟ್ಟಣ ಕಟ್ಟಿ ತಂದಳು. ಒಂದು ವಾರ ಹಿಡಿಯಿತು. ಗಂಡ ಗಿರಿಧರನ ಕೂದಲು ಭೂಮಿಯದು. ಅಪ್ಪನದು ಭೂಮಿಯದು. ಎಂಬತ್ತಾರರ ಅಜ್ಜಿಯದೂ ಭೂಮಿಯದೇ, ಏಳು ವರ್ಷದ ಮಗಳು ಮಾನ್ಯಾಳದೂ ಭೂಮಿಯದೇ. ಅವಳದೊಂದು ಮಾತ್ರ ಅಲ್ಲ.

ಯಂತ್ರದ ಮುಂದೆ ಕೂತು ಆ ಅಂಕಿಯನ್ನು ಮತ್ತೊಮ್ಮೆ ಓದಿದಳು. ತಿಂದ ಅನ್ನದ ಲೋಹ ಕೆಲವು ತಿಂಗಳಿಗೆಲ್ಲ ಮೈಯಿಂದ ಹೊರಟುಹೋಗುತ್ತದೆ. ಹೊರಟದ್ದು ಹೊರಟಂತೆ ಮತ್ತೆ ತುಂಬುತ್ತಿರಬೇಕಾದರೆ ಒಳಗೆ ಎಲ್ಲೋ ಒಂದು ಒರತೆ ಇರಬೇಕು. ಆ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಮಾಡಲು ಮಾತ್ರ ಧೈರ್ಯವಾಗಲಿಲ್ಲ.

*

ಕೀಲ್ಪಾಕಿನ ಅವರ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದು ಒಂದು ಚೊಂಬು ನೀರಿನಿಂದ. ವಂದನಾ ಟವೆಲು ಸುತ್ತಿಕೊಂಡು ಬಚ್ಚಲಿನ ಸ್ಟೂಲಿನ ಮೇಲೆ ಕೂರಬೇಕು. ಅಜ್ಜಿ ವೆಂಕಟಲಕ್ಷ್ಮಿ ಬಂದು ಮೊದಲ ಚೊಂಬನ್ನು ತನ್ನ ಕೈಯಾರೆ ಅವಳ ಬೆನ್ನಿಗೆ ಹೊಯ್ಯಬೇಕು. ಆಮೇಲೆ ಮಿಂದುಕೊಳ್ಳುವುದು ಅವಳ ಪಾಡು. ಮಗುವಾಗಿದ್ದಾಗಿನ ರೂಢಿ ಮದುವೆಯಾದ ಮೇಲೂ ನಿಲ್ಲಲಿಲ್ಲ. ಜ್ವರ ಬಂದರೆ ಒದ್ದೆಬಟ್ಟೆಯಲ್ಲಾದರೂ ಒಂದು ಸಲ ಒರೆಸುತ್ತಿದ್ದಳು. ಶಾಲೆಯ ಪ್ರವಾಸಕ್ಕೆ ಕಳಿಸಲಿಲ್ಲ, ಹಾಸ್ಟೆಲಿಗೆ ಬಿಡಲಿಲ್ಲ, ಅಳಿಯನೂ ಇದೇ ಮನೆಯಲ್ಲಿ ಇರಬೇಕು ಎಂದು ಪಟ್ಟು ಹಿಡಿದಳು. ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸದ ಗಿರಿಧರನಿಗೆ ಮಲಗಲು ಒಂದು ಮಂಚ ಎಲ್ಲಿದ್ದರೂ ಆಗುತ್ತಿತ್ತು, ಅವನು ಒಪ್ಪಿದ. ಆರು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲಂತೂ ಆ ಚೊಂಬು ನೀರು ವಂದನಾಳಿಗೆ ದಿನದ ಒಂದೇ ಆಸರೆಯಾಗಿತ್ತು. ಬೆಳಿಗ್ಗೆ ಒಂದು ಕ್ಷಣ ಯಾರದೋ ಮೊಮ್ಮಗಳಾಗಿರುವ ಸುಖವನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಅಜ್ಜಿಯ ನೀರಾದ ಮೇಲೆ ಅಪ್ಪನ ಪೂಜೆ. ವಿಮಾ ಕಚೇರಿಯಿಂದ ನಿವೃತ್ತರಾದ ಸುಶಮೀಂದ್ರರಾಯರು ಗೋಪೀಚಂದನ ಹಚ್ಚಿಕೊಂಡು ದೇವರ ಪೆಟ್ಟಿಗೆ ಮುಂದೆ ಕೂತರೆಂದರೆ ಮೇಲೆ ಸೂರು ಕುಸಿದರೂ ಏಳುವವರಲ್ಲ. ಪೆಟ್ಟಿಗೆಯಲ್ಲಿ ಮೂರು ಪುಟ್ಟ ಸಾಲಿಗ್ರಾಮಗಳು, ಅವುಗಳಿಗೊಂದು ಹಳೆಯ ಬೆಳ್ಳಿ ಪೀಠ. ಪೀಠದ ನಡುವಿನ ಗುಳಿ ನೆಲ್ಲಿಕಾಯಿಯಷ್ಟು ಅಗಲ. ಸಾಲಿಗ್ರಾಮಗಳು ಅದರಲ್ಲಿ ಅಲ್ಲಾಡುತ್ತಿದ್ದವೆಂದು ಹತ್ತಿ ಒತ್ತಿದ್ದರು. ಗುಳಿಗೆ ಸರಿಹೊಂದುತ್ತಿದ್ದ ಹಳೆಯ ಕಲ್ಲೊಂದಿತ್ತಂತೆ, ಅದರ ಕೊನೆಗಾಲ ವಂದನಾಳಿಗೆ ನೆನಪಿತ್ತು. ಅವಳಿಗೆ ಐದು ವರ್ಷವಿದ್ದಾಗ ಅದು ಮೆಣಸಿನಕಾಳಿನಷ್ಟು ಸಣ್ಣಗೆ, ಕಪ್ಪಗಿತ್ತು. ಒಂದು ದಿನ ನೋಡಿದರೆ ಇರಲಿಲ್ಲ. "ದಿನಾ ಅಭಿಷೇಕ ಮಾಡಿ ಮಾಡಿ ಸವೆದೇ ಹೋಯ್ತು" ಎಂದು ಅಪ್ಪ ಪೇಚಾಡಿಕೊಂಡು, ಮಠಕ್ಕೆ ಹೋಗಿ ಈ ಮೂರನ್ನು ತಂದಿದ್ದರು. ಅಭಿಷೇಕದ ನೀರೇ ತೀರ್ಥ, ಅದನ್ನು ಮನೆಮಂದಿಯೆಲ್ಲ ಮೂರು ಮೂರು ಸಲ ಕುಡಿಯುತ್ತಿದ್ದರು. ಸವೆದ ಕಲ್ಲು ಎಲ್ಲಿಗೆ ಹೋಯಿತು ಎಂದು ಕೇಳುವ ಬುದ್ಧಿ ಆಗ ಯಾರಿಗೂ ಬರಲಿಲ್ಲ.

ನವೆಂಬರಿನಲ್ಲಿ ಮಳೆ ಹಿಡಿದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದ ದಿನ ವಂದನಾ ನೋವಿನಿಂದ ಅಡುಗೆಮನೆಯಲ್ಲೇ ಕುಸಿದಳು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿದರು. ಪಿತ್ತಕೋಶದಲ್ಲಿ ಕಲ್ಲು, ಒಂದೇ ಒಂದು. "ಇಷ್ಟು ದುಂಡಗಿರೋದನ್ನ ನಾನು ನೋಡಿಲ್ಲ" ಎಂದು ಸ್ಕ್ಯಾನಿನ ಡಾಕ್ಟರು ಪರದೆಯನ್ನು ಎರಡು ಸಲ ಹತ್ತಿರಕ್ಕೆ ಎಳೆದುಕೊಂಡರು. ತೆಗೆಸಲೇಬೇಕೆಂದರು.

ಸುದ್ದಿ ಕೇಳಿ ಅಜ್ಜಿ ಅಳಲಿಲ್ಲ, ದೇವರಿಗೆ ಕೈ ಮುಗಿಯಲಿಲ್ಲ.

"ಎಷ್ಟು ದೊಡ್ಡದಾಗಿದೆಯಂತೆ?" ಎಂದು ಕೇಳಿದಳು.

"ನೆಲ್ಲಿಕಾಯಿಯಷ್ಟು."

ಅಜ್ಜಿಯ ಕಣ್ಣು ದೇವರ ಪೆಟ್ಟಿಗೆಯ ಕಡೆ ಹೋಗಿ ಬಂತು. "ತೆಗೀಬೇಡಮ್ಮಾ, ನನ್ನ ಕಣ್ಣು. ಅದರ ಪಾಡಿಗೆ ಅದಿರಲಿ. ಇಷ್ಟು ದಿನ ನಿನ್ನ ಏನೂ ಪಣ್ಣಲಿಲ್ಲ, ಏನೂ ಮಾಡಲಿಲ್ಲ ಅಲ್ಲಾ?"

ಅಜ್ಜಿಯ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಪರೇಷನ್ ಸುಸೂತ್ರವಾಯಿತು. ಇಂಥ ಕಡೆಗಳಲ್ಲಿ ತೆಗೆದ ಕಲ್ಲನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡುವ ವಾಡಿಕೆ ಉಂಟಲ್ಲ, ಹಾಗೆಯೇ ಕೊಟ್ಟರು. ಪಿತ್ತದ ಕಲ್ಲು ಹಳದಿ ಇಲ್ಲವೇ ಕಂದು ಬಣ್ಣದ್ದಾಗಿರಬೇಕು. ಇದು ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿರುಗುತ್ತಿತ್ತು. ಒಂದು ಪಕ್ಕದಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತು. ಎತ್ತಿ ನೋಡಿದರೆ ಗಾತ್ರಕ್ಕೆ ಮೀರಿದ ಭಾರ.

ಮನೆಗೆ ಬಂದ ಮರುದಿನ ಬೆಳಿಗ್ಗೆ ವಂದನಾ ಗಾಯಕ್ಕೆ ನೀರು ತಾಗದಂತೆ ಮುಂಗಡೆ ಟವೆಲು ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಬಕೆಟ್ಟಿನ ನೀರು ಆರುತ್ತಾ ಬಂತು. ಅಜ್ಜಿ ಬರಲಿಲ್ಲ. ಕೂಗಿದಳು. ಹಾಲಿನಿಂದ ಅಜ್ಜಿಯ ದನಿ ಬಂತು: "ಇನ್ನು ನೀನೇ ಹೊಯ್ಕೋಮ್ಮಾ." ಅಷ್ಟೇ. ಮೂವತ್ತೆಂಟು ವರ್ಷದ ಹೆಂಗಸು, ಡಾಕ್ಟರೇಟ್ ಮಾಡಿದವಳು, ಒಂದು ಚೊಂಬು ನೀರಿಗಾಗಿ ಬಚ್ಚಲಲ್ಲಿ ಕೂತು ಮುಸುಮುಸು ಅತ್ತಳು. ತನಗೆ ಏನಾಗಿದೆಯೆಂದು ಅವಳಿಗೇ ತಿಳಿಯಲಿಲ್ಲ. ಕೈಬಿಟ್ಟ ಹಾಗೆ ಅನ್ನಿಸಿತ್ತು.

*

ಹತ್ತು ದಿನದ ನಂತರ ಕೆಲಸಕ್ಕೆ ಹೋದಳು. ಮೊದಲ ಖಾಲಿ ಬಟ್ಟಲು ಶುದ್ಧ. ಎರಡನೆಯದು ಶುದ್ಧ. ಹತ್ತಕ್ಕೆ ಹತ್ತೂ ಭೂಮಿಯವೇ. ಮಧುಸೂದನ್ ಅವಳ ಬೆನ್ನು ತಟ್ಟಲು ಕೈ ಎತ್ತಿ, ಮಡಿ ನೆನಪಾಗಿ ಕೈ ಹಿಂದೆಗೆದರು. "ಡಿಸೆಂಬರ್ ಹದಿನಾರು, ಸೋಮವಾರ. ಕರಗಿಸಿಬಿಡೋಣ" ಎಂದರು. ದಿನೇಶ್ ಎಲ್ಲರಿಗೂ ಮೈಸೂರ್ ಪಾಕ್ ತಂದು ಹಂಚಿದ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಲ್ಲನ್ನು ಕಂಡರೆ ಕೆರೆಯದೆ ಇರುವುದು ಆ ಕಸುಬಿನವರಿಂದ ಆಗದ ಮಾತು. ಡಬ್ಬಿಯಲ್ಲಿದ್ದ ತನ್ನ ಕಲ್ಲಿನಿಂದ ಒಂದು ಕಣ ಕೆರೆದು, ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲಿನಲ್ಲಿ ಕರಗಿಸಿದಳು. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಫಲಿತಾಂಶ ಬಂತು. ಐವತ್ತನಾಲ್ಕು ಮೂರರಷ್ಟಲ್ಲ. ಐವತ್ತನಾಲ್ಕು ಬಿಟ್ಟರೆ ಬೇರೇನೂ ಇರಲಿಲ್ಲ. ಕಬ್ಬಿಣವೂ ಹಾಗೇ, ಟೈಟಾನಿಯಂ ಕೂಡ ಹಾಗೇ, ಒಂದೊಂದು ಲೋಹದಲ್ಲೂ ಒಂದೇ ತೂಕ, ಉಳಿದದ್ದು ಸೊನ್ನೆ. ಇಂಥದು ಯಾವ ಉಲ್ಕೆಯಲ್ಲೂ ಇಲ್ಲ, ಯಾವ ನಕ್ಷತ್ರದಲ್ಲೂ ಇರಲಾರದು. ಯಾರೋ ಕೂತು ಆರಿಸಿ ಇಟ್ಟುಕೊಂಡ ಹಾಗಿತ್ತು, ಅವಳು ಮೂವತ್ತಮೂರು ವರ್ಷ ತಿಂದ ಅನ್ನದಿಂದ, ಒಂದೊಂದೇ ಪರಮಾಣು.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಡಬ್ಬಿಯನ್ನು ಮನೆಗೆ ತಂದು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಬೀಗ ಹಾಕಿದಳು. ಬೀಗದ ಕೈ ಎಂದಿನಂತೆ ಮೊಳೆಗೆ ನೇತುಹಾಕಿದಳು. ಮನೆಯಲ್ಲಿ ಕಳ್ಳರು ಇದ್ದಾರೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ.

ಸೋಮವಾರ ಧನುರ್ಮಾಸದ ಮೊದಲ ದಿನ. ಬೆಳಗಾಗುವ ಮುನ್ನವೇ ಪೂಜೆ ಮುಗಿದು ನೈವೇದ್ಯವಾಗಬೇಕೆಂದು ಅಪ್ಪ ನಾಲ್ಕೂವರೆಗೇ ಎದ್ದಿದ್ದರು. ಬೀದಿಯಲ್ಲಿ ಯಾರದೋ ಮನೆಯಾಕೆ ಕೋಲಂ ರಂಗೋಲಿ ಹಾಕಲು ನೀರು ಚಿಮುಕಿಸುವ ಸದ್ದು, ಒಳಗೆ ಹುಗ್ಗಿಗೆ ಹಾಕಿದ ಮೆಣಸಿನ ವಾಸನೆ. ವಂದನಾ ಬೇಗ ಹೊರಡಬೇಕೆಂದು ಬೀರು ತೆಗೆದು ಸೀರೆ ಎಳೆದಳು. ಡಬ್ಬಿ ಖಾಲಿಯಾಗಿತ್ತು.

ಹಾಲಿಗೆ ಬಂದರೆ ಅಪ್ಪ ಪುರುಷಸೂಕ್ತ ಹೇಳುತ್ತಾ ಶಂಖದಿಂದ ನೀರೆರೆಯುತ್ತಿದ್ದರು. ಬೆಳ್ಳಿ ಪೀಠದಿಂದ ಹತ್ತಿ ತೆಗೆದಿದ್ದರು. ಮಠದ ಮೂರು ಸಾಲಿಗ್ರಾಮ ಪಕ್ಕದ ತಟ್ಟೆಯಲ್ಲಿದ್ದವು. ಗುಳಿಯಲ್ಲಿ ಅವಳ ಕಲ್ಲು ಕೂತಿತ್ತು. ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂತಿತ್ತು.

ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿದ್ದಳು. ಹೆಂಗಸರು ಸಾಲಿಗ್ರಾಮ ಮುಟ್ಟಬಾರದೆಂದು ಎಪ್ಪತ್ತು ವರ್ಷ ಪೆಟ್ಟಿಗೆಯ ಹತ್ತಿರ ಸುಳಿಯದವಳು.

"ನೀನು ಮುಟ್ಟಿದೆಯಾ?" ವಂದನಾ ಪಿಸುಗುಟ್ಟಿದಳು.

"ಮುಟ್ಟಿದೆ. ಡಬ್ಬೀಲಿರೋ ತನಕ ಅದು ದೇವರಲ್ಲ, ನಮ್ಮ ಮನೆ ಹೊಟ್ಟೆಯಿಂದ ಬಂದದ್ದು. ನಿಮ್ಮಪ್ಪನ ಹತ್ರ ಮಠದಿಂದ ಯಾರೋ ತಂದ್ಕೊಟ್ರು ಅಂದೆ. ಗಂಡಸರು ಎಂದೂ ಅಷ್ಟಕ್ಕೆ ಮೇಲೆ ಕೇಳಲ್ಲ."

ಅಜ್ಜಿ ಅವಳ ಕೈ ಹಿಡಿದು ಅಡುಗೆಮನೆಯೊಳಗೆ ಎಳೆದು ಕೂರಿಸಿದಳು. ಹುಗ್ಗಿಯ ಪಾತ್ರೆ ಒಲೆಯ ಮೇಲೆ ಗುಳುಗುಳು ಅನ್ನುತ್ತಿತ್ತು. ಅಜ್ಜಿ ಸಣ್ಣ ದನಿಯಲ್ಲಿ, ಅಡುಗೆಯ ವಿಷಯ ಹೇಳುವ ಹಾಗೆ ಹೇಳಿದಳು.

"ಈ ಕಲ್ಲು ಸವೆಯತ್ತೆ, ಎಲ್ಲಾರೂ ಕುಡೀತಾರೆ. ಆದ್ರೆ ಕುಡಿದೋರಲ್ಲಿ ಎಲ್ಲಾರಿಗಿಂತ ಚಿಕ್ಕೋರು ಯಾರಿರ್ತಾರೋ ಅವರೊಳಗೆ ಹೋಗಿ ಕೂಡತ್ತೆ. ಮಿಕ್ಕೋರಿಗೆ ಬರೀ ನೀರು. ಒಳಗೆ ಕೂತು ಮತ್ತೆ ಬೆಳೆಯತ್ತೆ. ನಮ್ಮತ್ತೆ ಹೋದಾಗ ಮೂರನೇ ದಿನ ಅಸ್ಥಿ ಆರಿಸೋಕೆ ಹೋಗಿದ್ರಲ್ಲ, ಬೂದೀಲಿ ಇದೇ ಕಲ್ಲು ಸಿಕ್ಕಿತ್ತು. ಬೆಂಕಿ ಏನೂ ಪಣ್ಣಿರ್ಲಿಲ್ಲ."

"ಎಸೀಬೇಕಾಗಿತ್ತು."

"ಎಸೆದ್ರು. ನಿಮ್ಮ ತಾತ ಎಣ್ಣೂರ್ ಹತ್ರ ಸಮುದ್ರದಲ್ಲಿ, ಅಸ್ಥಿ ಜೊತೇಲೇ ಬಿಟ್ಟುಬಂದ್ರು. ಮಾರನೇ ದಿನ ಬೆಳಿಗ್ಗೆ ನನ್ನ ಚಿಕ್ಕ ಮಗ ರಾಘವೇಂದ್ರ ತೊಟ್ಟಿಲಲ್ಲಿ ಏನೋ ಚೀಪ್ತಾ ಇದ್ದ. ಬಾಯಲ್ಲಿ ಬೆರಳು ಹಾಕಿ ತೆಗೆದೆ. ಸಮುದ್ರದ ಮಣ್ಣು ಇನ್ನೂ ಅಂಟಿಕೊಂಡಿತ್ತು. ಆಮೇಲೆ ಮೂರೇ ದಿನ ಬದುಕಿದ್ದ ಮಗು." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀರು ಹೊಯ್ದು ಮರ್ಯಾದೆಯಾಗಿ ಇಟ್ಕೊಂಡ್ರೆ ಸುಮ್ನಿರತ್ತೆ. ಅಭಿಷೇಕ ಒಂದು ದಿನ ತಪ್ಪಬಾರದು, ನೀನು ಡಬ್ಬೀಲಿಟ್ಟ ದಿನವೆಲ್ಲ ನಾನು ಹೆದರಿ ಸತ್ತೆ. ಪೀಠದ ಮೇಲಿದ್ರೂ ಶರಿ, ಒಳಗಡೆ ಇದ್ರೂ ಶರಿ."

ವಂದನಾಳಿಗೆ ಬಚ್ಚಲಿನ ಸ್ಟೂಲು ನೆನಪಾಯಿತು. ಬೆನ್ನ ಮೇಲಿಂದ ಇಳಿದ ಮೂವತ್ತಮೂರು ವರ್ಷದ ನೀರು ಒಮ್ಮೆಗೇ ತಣ್ಣಗಾದ ಹಾಗಾಯಿತು.

"ನನಗಲ್ಲ ಹೊಯ್ತಾ ಇದ್ದದ್ದು" ಎಂದಳು. "ಅದಕ್ಕೆ."

ಅಜ್ಜಿ ಒಲೆಯ ಕಡೆ ತಿರುಗಿ ಹುಗ್ಗಿ ಕೈಯಾಡಿಸಿದಳು.

"ಗೊತ್ತಿದ್ದೂ ನನಗೆ ಕುಡಿಸಿದೆಯಾ ಅಜ್ಜಿ?"

"ನಾನು ಮದುವೆಯಾಗಿ ಬಂದಾಗ ಹದಿನೈದು ವರ್ಷ. ಮನೇಲಿ ನಾನೇ ಚಿಕ್ಕೋಳು. ತೀರ್ಥಕ್ಕೆ ಕೈ ಚಾಚಿದ್ರೆ ನಮ್ಮತ್ತೆ ನನ್ನ ಕೈ ಮುಂದೆ ಅವರ ಕೈ ಅಡ್ಡ ಹಿಡಿಯೋರು. ನಿನಗೆ ಬೇಡ ಅನ್ನೋರು. ಯಾರಿಗೂ ಬಿಡದೆ ಎಲ್ಲಾ ಅವರೇ ಕುಡಿದ್ರು. ಎಷ್ಟು ಕೆಟ್ಟೋಳು ಅಂತ ಬೈಕೊಂಡಿದ್ದೆ ನಾನು. ಅವರು ಹೋದ್ಮೇಲೆ ಗೊತ್ತಾಯ್ತು. ನೀನು ಹುಟ್ಟಿದಾಗ ನಾನೂ ಹಂಗೇ ಕೈ ಅಡ್ಡ ಹಿಡೀಬೇಕಾಗಿತ್ತು." ಅಜ್ಜಿ ತನ್ನ ಅಂಗೈ ನೋಡಿಕೊಂಡಳು. "ಹಿಡೀಲಿಲ್ಲ. ಭಯ. ನನಗೆ ಭಯ ಆಯ್ತು ಕಣ್ಣು. ಅದಕ್ಕೇ ಆಮೇಲೆ ಒಂದು ದಿನ ಬಿಡದೆ ನೀರು ಹೊಯ್ದೆ."

ಹಾಲಿನಲ್ಲಿ ಗಂಟೆ ಮೊಳಗಿತು. ಮಂಗಳಾರತಿಯಾಯಿತು.

ವಂದನಾಳಿಗೆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ ಎದ್ದು ಹೋಗಿ ಪೀಠವನ್ನೇ ಬೀದಿಗೆ ಎಸೆಯಬೇಕೆನ್ನಿಸಿತು. ಎಸೆದರೆ ಬೆಳಿಗ್ಗೆ ಅದು ಯಾರ ಬಾಯಲ್ಲಿರುತ್ತದೆ ಎಂಬುದೂ ಅದೇ ಹೊತ್ತಿಗೆ ಹೊಳೆಯಿತು. ಎದ್ದು ಹಾಲಿಗೆ ಬಂದಳು.

"ಮಾನ್ಯಾ, ಬಾ ಮರೀ" ಎಂದು ಅಪ್ಪ ಕರೆಯುತ್ತಿದ್ದರು. "ಮೊದಲು ನೀನು ತಗೋ, ಸ್ಕೂಲ್ ವ್ಯಾನ್ ಬಂದುಬಿಡತ್ತೆ. ನೋಡು ವಂದೂ, ಈ ಸಾಲಿಗ್ರಾಮ ಪೀಠಕ್ಕೆ ಎಷ್ಟು ಚೆನ್ನಾಗಿ ಕೂತಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ."

ಎರಡು ಜಡೆ ಹಾಕಿಕೊಂಡ ಮಾನ್ಯಾ ಅಜ್ಜಿ ಕಲಿಸಿಕೊಟ್ಟ ಹಾಗೆ ಎಡಗೈ ಕೆಳಗೆ ಬಲಗೈ ಮೇಲೆ ಇಟ್ಟು, ಅಂಗೈ ಗುಳಿ ಮಾಡಿ ಚಾಚಿದ್ದಳು. ಉದ್ಧರಣೆ ಚಮಚದ ನೀರಿನಲ್ಲಿ, ದೀಪದ ಬೆಳಕಿಗೆ, ಕಪ್ಪಗೆ ಒಂದು ಧೂಳಿನ ಕಣ ತಿರುಗುತ್ತಿತ್ತು.

ಆ ಕ್ಷಣದಲ್ಲಿ ವಂದನಾಳಿಗೆ ಎಲ್ಲ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಹತ್ತು ಶುದ್ಧ ಬಟ್ಟಲುಗಳು ಸಾಲಾಗಿ ಕಾಯುತ್ತಿವೆ. ಮೂರು ತೊಗರಿಕಾಳಿನಷ್ಟು ಕಲ್ಲು ಕಾಯುತ್ತಿದೆ. ಒಂಬತ್ತು ಗಂಟೆಗೆ ಸೀಲು ಒಡೆಯಬೇಕು. ಮೂರು ವರ್ಷ ಕಾದದ್ದು ಇನ್ನು ಮೂರು ಗಂಟೆಯ ದೂರದಲ್ಲಿದೆ. ಈ ನೀರು ಗಂಟಲಲ್ಲಿ ಇಳಿದರೆ ಆ ಕೋಣೆಯೊಳಗೆ ಅವಳು ಮತ್ತೆ ಎಂದೂ ಕಾಲಿಡುವಂತಿಲ್ಲ.

ಅವಳು ಮಗಳ ಅಂಗೈಯ ಮುಂದೆ ತನ್ನ ಅಂಗೈ ಅಡ್ಡ ಹಿಡಿದಳು.

"ಅಮ್ಮಾ, ಎನಕ್ಕು?" ಮಾನ್ಯಾ ಮುಖ ಸಣ್ಣದು ಮಾಡಿಕೊಂಡು ನನಗೆ ಎಂದು ಕೇಳಿದಳು.

"ನಿನಗೆ ಬೇಡ."

ಮೂರು ಸಲ ಕುಡಿದಳು. ಆಮೇಲೆ ಅಪ್ಪನ ಕೈಯಿಂದ ಬಟ್ಟಲನ್ನೇ ತೆಗೆದುಕೊಂಡು ತಳದ ತನಕ ಕುಡಿದಳು. ತುಳಸಿಯ ಘಾಟಿನ ಕೆಳಗೆ ಹಳೆಯ ಕಬ್ಬಿಣದ ರುಚಿ ಇತ್ತು, ಐದು ವರ್ಷದವಳಾಗಿದ್ದಾಗಿನ ರುಚಿ. ನಾಲಿಗೆ ಅದನ್ನು ಮರೆತಿರಲಿಲ್ಲ.

"ಎಲ್ಲಾ ನೀನೇ ಕುಡಿದರೆ ಮಿಕ್ಕೋರಿಗೆ?" ಅಪ್ಪ ಬೆಪ್ಪಾಗಿ ಕೇಳಿದರು.

"ಇನ್ನು ದಿನಾ ನನಗೇ ಬೇಕಪ್ಪಾ. ಆಪರೇಷನ್ ಆಗಿದೆಯಲ್ಲ, ಒಳ್ಳೇದು ಅಂದಿದಾರೆ. ನಿಮಗೆಲ್ಲ ಮಠದ ಸಾಲಿಗ್ರಾಮದ ತೀರ್ಥ ಬೇರೆ ಬಟ್ಟಲಲ್ಲಿ ತೆಗೀರಿ."

ಡಾಕ್ಟರು ಹೇಳಿದ್ದಾರೆಂದುಕೊಂಡು ಸುಶಮೀಂದ್ರರಾಯರು ತಲೆಯಾಡಿಸಿದರು. ಅದಕ್ಕಿಂತ ಮೇಲೆ ಕೇಳಲಿಲ್ಲ.

ಏಳು ಗಂಟೆಗೆ ಮಧುಸೂದನ್‌ಗೆ ಫೋನ್ ಮಾಡಿದಳು. ಕಲ್ಲನ್ನು ಜರ್ಮನಿಗೆ ಕಳಿಸಿಬಿಡಿ ಎಂದಳು. ಅವರಿಗೆ ಅರ್ಥವಾಗಲಿಲ್ಲ. "ಬ್ಲ್ಯಾಂಕ್ ಶುದ್ಧವಾಗಿದೆಯಲ್ಲ ವಂದನಾ" ಎಂದು ಎರಡೆರಡು ಸಲ ಹೇಳಿದರು. "ಇನ್ನು ಇರಲ್ಲ ಸರ್" ಎಂದು ಫೋನ್ ಇಟ್ಟಳು. ಬಾಲ್ಕನಿಯಲ್ಲಿ ನಿಂತು ಸ್ಕೂಲ್ ವ್ಯಾನಿನಿಂದ ಮಾನ್ಯಾ ಕೈ ಬೀಸುವುದನ್ನು ನೋಡಿದಳು. ಮಗಳು ಇನ್ನೂ ಮುನಿಸಿಕೊಂಡಿದ್ದಳು, ಆದರೂ ಕೈ ಬೀಸಿದಳು. ಬಲಪಕ್ಕೆಯ ಗಾಯದ ಮೇಲೆ ವಂದನಾಳ ಕೈ ತಾನಾಗಿ ಹೋಯಿತು. ಅಲ್ಲಿದ್ದ ಪಿತ್ತಕೋಶವನ್ನೇ ತೆಗೆದುಬಿಟ್ಟಿದ್ದರು. ಈ ಸಲ ಅದು ಎಲ್ಲಿ ಹೋಗಿ ಕೂಡುತ್ತದೋ ಎಂದು ಅವಳು ಒಂದೊಂದೇ ಜಾಗ ಯೋಚಿಸಿದಳು, ಹೃದಯದ ತನಕ ಬಂದು ನಿಲ್ಲಿಸಿದಳು.

ಮಂಗಳವಾರ ಬೆಳಿಗ್ಗೆ ಬಿಸಿನೀರು ತುಂಬಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಚೊಂಬಿಗೆ ತಾನೇ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಯಾರೋ ಅದನ್ನು ತೆಗೆದುಕೊಂಡರು. ಅಜ್ಜಿಯ ಉಸಿರಿನ ಸದ್ದು. ವಂದನಾ ತಿರುಗಿ ನೋಡಲಿಲ್ಲ. ಇದು ನನಗೋ ಅದಕ್ಕೋ ಎಂಬ ಪ್ರಶ್ನೆ ಗಂಟಲ ತನಕ ಬಂದಿತ್ತು. ಅಷ್ಟರಲ್ಲಿ ನೀರು ಬೆನ್ನಿಗೆ ಬಿತ್ತು, ಹದವಾಗಿ ಬೆಚ್ಚಗಿತ್ತು. ಅವಳು ಕಣ್ಣು ಮುಚ್ಚಿಕೊಂಡು ಇನ್ನೊಂದು ಚೊಂಬು ಹೊಯ್ಯಿ ಅಜ್ಜಿ ಎಂದಳು.